ಮೊಯ್ರವ್ವನ ಕಾರಿಗೆ ಹುಕ್ಕು ಹುಡುಕಿದ್ದು

ಇಳಕಲ್ಲು, ಹೊರಡುವ ಮುಂಚೆ

ನ್ಯೂಜಿಲೆಂಡಿಗೆ ಹೋಗಿ ಬಂದೆನೆಂದರೆ ಹುನಗುಂದದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಹಿಮ ನೋಡಿದಿರೇನು? ವಿಮಾನದಲ್ಲಿ ಊಟಕ್ಕೇನು ಕೊಟ್ಟರು? ಹಿಮ ದೂರದಿಂದ ನೋಡಿದೆ, ಊಟ ಸಪ್ಪಗಿತ್ತು. ಆ ದೇಶದಲ್ಲಿ ನನಗೆ ಒಳಹೊರಗೆಲ್ಲ ಪರಿಚಯವಾದದ್ದು ಒಂದೇ ವಸ್ತು: ಸಣ್ಣ ಕಾರಿನ ಬೆನ್ನಿಗೆ ಟ್ರೇಲರ್ ಸಿಗಿಸಲು ಹಾಕುವ ಕಬ್ಬಿಣದ ಹುಕ್ಕು. ಅದರ ಮೇಲೆ ಯಾರಾದರೂ ಪರೀಕ್ಷೆ ಇಟ್ಟರೆ ನಾನು ಮೊದಲನೇ ದರ್ಜೆಯಲ್ಲಿ ಪಾಸಾಗುತ್ತೇನೆ.

ಹೋದದ್ದು ನನ್ನ ಸಲುವಾಗಿ ಅಲ್ಲ, ನೀಲಕ್ಕನ ಸಲುವಾಗಿ. ನೀಲಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಒಂಬತ್ತನೇ ವಯಸ್ಸಿಗೆ ಮಗ್ಗಕ್ಕೆ ಕೂತವಳು, ಮದುವೆಯಾಗಿ ಮರೋಳದ ಕಡೆಯ ಒಕ್ಕಲುತನದ ಮನೆಗೆ ಹೋಗಿ ಹತ್ತು ವರ್ಷ ಹೊಲ ನೋಡಿದಳು, ಚಕ್ಕಡಿ ಹೊಡೆದಳು. ಗಂಡ ತೀರಿಕೊಂಡ ಮೇಲೆ ಇಳಕಲ್ಲಿನ ತವರಿಗೆ ಬಂದು ಮತ್ತೆ ಅದೇ ಮಗ್ಗಕ್ಕೆ ಕೂತಳು. ನಮ್ಮದು ಕುಣಿ ಮಗ್ಗ. ಮನೆಯ ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆ ತುಳಿಯುತ್ತ ನೇಯಬೇಕು.

ನಮ್ಮಿಬ್ಬರಿಗೂ ಚಿಕ್ಕವನು ತಮ್ಮ ಮಹಾಂತೇಶ. ಅವನೂ ಒಳ್ಳೆಯ ನೇಕಾರನೇ ಆಗಿದ್ದ, ಈ ಪ್ರವಾಸಕ್ಕೆ ಎಂಟು ವರ್ಷ ಮುಂಚೆ ಮಗ್ಗ ಬಿಟ್ಟು ಓಣಿಯ ಕೊನೆಯ ಪಾವರ್‌ಲೂಮ್ ಶೆಡ್ಡಿಗೆ ಕೆಲಸಕ್ಕೆ ಸೇರಿಕೊಂಡ. ನಾನು ಹೇಳುವ ಹೊತ್ತಿಗೆ, ಎರಡು ಹಳೆಯ ಪಾವರ್‌ಲೂಮ್ ತಂದು ನಮ್ಮ ಮಗ್ಗದ ಕೋಣೆಯಲ್ಲೇ ಹಾಕುವ ವಿಚಾರ ಅವನದು. ಹಾಕಬೇಕಾದರೆ ಅಕ್ಕನ ಕುಣಿ ಮುಚ್ಚಬೇಕು. ಅವನು ಕೆಟ್ಟವನಲ್ಲ, ಕೈಮಗ್ಗದಿಂದ ಮನೆ ನಡೆಯುವುದಿಲ್ಲ ಎಂಬುದು ಅವನ ಮಾತು, ಅದು ಸುಳ್ಳೂ ಅಲ್ಲ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಆಗ ನ್ಯೂಜಿಲೆಂಡಿನ ಒಂದು ನೇಯ್ಗೆ ಮೇಳದಿಂದ ಅಕ್ಕನಿಗೆ ಕಾಗದ ಬಂತು. ಇಳಕಲ್ಲಿಗೆ ಬಂದಿದ್ದ ಅವರ ಕಡೆಯವರೊಬ್ಬರು ಅಕ್ಕ ಸೀರೆಯ ಒಡಲಿಗೆ ಸೆರಗು ಕೂಡಿಸುವುದನ್ನು ಅರ್ಧ ದಿನ ನಿಂತು ನೋಡಿದ್ದರು. ಮಗ್ಗದ ಉದ್ದಕ್ಕೆ ಹಾಸಿದ ಎಳೆಗಳೇ ಹಾಸು. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಕೆಲಸ ಅದು. ಅದನ್ನು ನಮ್ಮ ಜನರ ಮುಂದೆ ಮಾಡಿ ತೋರಿಸಿರಿ, ಮಗ್ಗವನ್ನೂ ಕಳಿಸಿರಿ, ಒಳ್ಳೆಯ ಕೆಲಸ ಹುಡುಕುವ ವ್ಯಾಪಾರದವರು ಬರುತ್ತಾರೆ ಎಂದು ಬರೆದಿದ್ದರು.

ಮಹಾಂತೇಶ ಕಾಗದ ಮಡಚಿಟ್ಟು, "ಹೋಗಿ ಬಾ ಅಕ್ಕಾ. ಬಂದ ಮ್ಯಾಲರ ಕುಣಿ ಮುಚ್ಚೂಣು" ಅಂದ.

"ವರ್ಷದ ಕೆಲಸಾ ಹಿಡಕೊಂಡು ಬರ್ತೇನಿ," ಅಂದಳು ಅಕ್ಕ. "ಬರಿಗೈಲೆ ಬಂದ್ರ ನಾನಽ ಮುಚ್ಚತೇನಿ. ನೀ ಒಂದು ಬುಟ್ಟಿ ಮಣ್ಣೂ ತರೂದು ಬ್ಯಾಡ."

ಇಬ್ಬರ ಒಪ್ಪಂದ ಅಷ್ಟೇ. ನನಗೆ ಇಂಗ್ಲಿಷ್ ಬರುತ್ತದೆಂದು ದುಭಾಷಿಯಾಗಿ ನಾನು ಹೊರಟೆ.

ಬಂದರಿನ ಊರು, ಗುರುವಾರ ಮಧ್ಯಾಹ್ನ

ಆ ದೇಶದವರಿಗೆ ಹೊರಗಿನ ಮಣ್ಣೆಂದರೆ ಭಯ. ವಿಮಾನದಿಂದ ಇಳಿದಾಗ ಒಬ್ಬ ಅಧಿಕಾರಿ ನನ್ನ ಚಪ್ಪಲಿ ಬಿಚ್ಚಿಸಿ, ತಿರುವಿ ನೋಡಿ, ಒಳಗೆ ತೆಗೆದುಕೊಂಡು ಹೋಗಿ ತೊಳೆದು ತಂದು ಕೊಟ್ಟ. ಹೆಣ್ಣುಮಗಳ ಚಪ್ಪಲಿಯನ್ನು ಸರಕಾರಿ ಮನುಷ್ಯ ತೊಳೆದು ಕೊಡುವುದನ್ನು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ನಾನಂತೂ ಕಂಡಿಲ್ಲ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಎರಡು ದಿನದ ನಂತರ ಆ ನಗು ಇಳಿಯಿತು.

ಮಗ್ಗವನ್ನು ಬಿಚ್ಚಿ, ಮೂರು ಉದ್ದನೆಯ ಪೆಟ್ಟಿಗೆಯಲ್ಲಿಟ್ಟು, ಎರಡು ತಿಂಗಳು ಮುಂಚೆಯೇ ಹಡಗಿಗೆ ಹಾಕಿದ್ದೆವು. ಪೆಟ್ಟಿಗೆ ಬಂದಿತ್ತು, ಆದರೆ ಮಗ್ಗದ ಗೂಟಗಳ ಬುಡಕ್ಕೆ ನಮ್ಮ ಮನೆಯ ಕುಣಿಯ ಮಣ್ಣು ಹತ್ತಿಕೊಂಡಿತ್ತು. ಒರೆಸಿ ಕಳಿಸಬೇಕೆಂದು ನಮಗೆ ಹೊಳೆದಿರಲಿಲ್ಲ. ಮಗ್ಗದ ಗೂಟದಲ್ಲಿ ಮಣ್ಣಿಲ್ಲದೆ ಇನ್ನೇನಿರುತ್ತದೆ? ಅವರು ತಡೆದು, ತೊಳೆದು, ಔಷಧಿ ಹೊಡೆದು ಬಿಡುವಷ್ಟರಲ್ಲಿ ಗುರುವಾರವಾಯಿತು. ಬೇರೆ ದೇಶದ ಮಗ್ಗಗಳನ್ನೆಲ್ಲ ಹೊತ್ತ ಮೇಳದ ಲಾರಿ ಬುಧವಾರವೇ ಹೋಗಿಬಿಟ್ಟಿತ್ತು. ಬಂದರಿನ ಗಾಡಿಯವನು ಪೆಟ್ಟಿಗೆಗಳನ್ನು ನಾವು ಇಳಿದುಕೊಂಡಿದ್ದ ಮನೆಯ ಅಂಗಳಕ್ಕೆ ಇಳಿಸಿ ಹೋದ. ಗುಡ್ಡದಾಚೆಯ ಮೇಳದ ಊರಿಗೆ ಒಯ್ಯುವುದಿದ್ದರೆ ಇನ್ನು ಮಂಗಳವಾರ ಅಂದ. ನಾಳೆಯಿಂದ ಈಸ್ಟರ್ ಹಬ್ಬ, ಇಡೀ ದೇಶ ಬಾಗಿಲು ಹಾಕುತ್ತದೆ. ಮೇಳ ಶನಿವಾರ ಹತ್ತು ಗಂಟೆಗೆ ಶುರು, ಸೋಮವಾರ ಸಂಜೆಗೆ ಮುಗಿದೇ ಹೋಗುತ್ತದೆ.

ನಾವಿದ್ದ ಮನೆ ಮೊಯ್ರಾ ಎಂಬ ಅರವತ್ತೆಂಟರ ಹೆಣ್ಣುಮಗಳದು. ಅವರೂ ಉಣ್ಣೆ ನೇಯುವವರು, ಗಂಡ ಡಗ್ಲಸ್ ತೀರಿಕೊಂಡು ಎರಡು ವರ್ಷವಾಗಿತ್ತು. ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವುದು ಅಲ್ಲಿನ ಪದ್ಧತಿ. ನನ್ನ ಬಾಯಿಗೆ ಅದು ಬರಲಿಲ್ಲ, ಅಕ್ಕನಂತೂ ಮೊದಲ ದಿನವೇ 'ಮೊಯ್ರವ್ವ' ಮಾಡಿಬಿಟ್ಟಿದ್ದಳು. ಅಕ್ಕ ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಾನು ನಡುವೆ ಬಾಯಿ ಹಾಕಿದರೆ ಇಬ್ಬರಿಗೂ ತೊಂದರೆ.

ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಹಾಕಿ ಅಕ್ಕ ಕೇಳಿದಳು. "ಮೊಯ್ರವ್ವನ ಹಿತ್ತಲದಾಗ ಒಂದು ಎರಡು ಗಾಲಿ ಗಾಡಿ ನಿಂತೈತಲ್ಲ, ಅದು ನಡಿಯೂದಿಲ್ಲೇನು?"

ಅದು ಡಗ್ಲಸ್ ಅವರ ಟ್ರೇಲರ್. ನಡೆಯುತ್ತದೆ, ಆದರೆ ಅದನ್ನು ಎಳೆಯುತ್ತಿದ್ದ ದೊಡ್ಡ ವ್ಯಾನನ್ನು ಮಾರಿಯಾಗಿದೆ ಅಂದರು ಮೊಯ್ರವ್ವ. ಈಗಿರುವುದು ನಮ್ಮ ಕಡೆಯ ಸಣ್ಣ ಕಾರಿಗಿಂತ ಒಂದು ಗೇಣು ಉದ್ದದ ಕಾರು, ಅದಕ್ಕೆ ಹುಕ್ಕೇ ಇಲ್ಲ.

"ಇಲ್ಲಂದ್ರ ಹಾಕಸೂಣು," ಅಂದಳು ಅಕ್ಕ. "ಅಂಗಡಿ ಎಷ್ಟಕ್ಕ ಮುಚ್ಚತಾವ ಕೇಳು."

ಹುಕ್ಕಿನ ಅಂಗಡಿ

ನನಗೆ ಹುಕ್ಕೆಂದರೆ ಟ್ರ್ಯಾಕ್ಟರಿನದು. ಹಳೆ ಬಾಗಲಕೋಟೆ ಮುಳುಗಡೆಯಾಗುವಾಗ ಬಾಗಿಲು, ಕಿಟಕಿ, ತೊಲೆ ಸಮೇತ ಇಡೀ ಮನೆಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ನವನಗರಕ್ಕೆ ಎಳೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಯಾವ ಟ್ರ್ಯಾಕ್ಟರಿಗೆ ಯಾವ ಟ್ರೇಲರ್ ಎಂದು ಯಾರೂ ಕೇಳಲಿಲ್ಲ. ಪಿನ್ನು ಹೋಗದಿದ್ದರೆ ಸುತ್ತಿಗೆ, ಸಡಿಲಾದರೆ ಗೋಣಿಚೀಲದ ಚೂರು. ಆ ಜ್ಞಾನವನ್ನು ಕಟ್ಟಿಕೊಂಡು ನಾನು ಅಂಗಡಿಯೊಳಗೆ ಹೊಕ್ಕೆ.

ಗೋಡೆ ತುಂಬ ಹುಕ್ಕುಗಳು. ಕಾರಿನ ತಳಕ್ಕೆ ಅಡ್ಡ ಬಿಗಿಯುವ ಒಂದು ಕಬ್ಬಿಣದ ಪಟ್ಟಿ, ಅದರ ನಡುವೆ ಚಾಚಿಕೊಂಡ ಗುಂಡು. ಟ್ರೇಲರಿನ ಮೂತಿಗೆ ಒಂದು ಬಟ್ಟಲಿರುತ್ತದೆ, ಅದು ಈ ಗುಂಡಿನ ಮೇಲೆ ಕೂರುತ್ತದೆ. ಅಂಗಡಿಯವನು ಕಾರಿನ ಹೆಸರು, ಇಸವಿ ಎಲ್ಲ ಕೇಳಿ ಒಂದು ದಪ್ಪ ಪುಸ್ತಕ ತೆಗೆದ. ಇದೇ ಕಾರಿಗೆಂದು ಮಾಡಿದ ಪಟ್ಟಿ ಮುಂದಿನ ವಾರ ಬರುತ್ತದೆ ಅಂದ.

ಮುಂದಿನ ವಾರ ಕಟ್ಟಿಕೊಂಡು ನಮಗೇನು. ಗೋಡೆಯ ಮೇಲೆ ಜೀಪಿಗೆ ಹಾಕುವ ದೊಡ್ಡ ಪಟ್ಟಿಯೊಂದಿತ್ತು, ತೊಡೆಯಷ್ಟು ದಪ್ಪ. ಇದನ್ನೇ ತೂತು ಕೊರೆದು ಕೂರಿಸಿ ಎಂದು ನಾನು ಹಟ ಹಿಡಿದೆ. ಗಟ್ಟಿ ಇದ್ದಷ್ಟೂ ಒಳ್ಳೆಯದಲ್ಲವೇ? ಅವನು ಸಮಾಧಾನದಿಂದ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಬಗ್ಗಿಸಿ, ಕಾರಿನ ತಳ ತೋರಿಸಿದ. ಆ ತೆಳ್ಳನೆಯ ತಗಡೇ ಭಾರ ಹೊರುವುದು, ಹುಕ್ಕು ದಪ್ಪಗಾದರೆ ಕಾರಿನ ಬಲ ಹೆಚ್ಚುವುದಿಲ್ಲ, ಇದರ ಭಾರಕ್ಕೇ ನಿಮ್ಮ ಕಾರಿನ ಅರ್ಧ ಶಕ್ತಿ ಹೋಗುತ್ತದೆ ಅಂದ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಪಾಠ ಹೇಳಿಸಿಕೊಂಡೆ.

ಬೇಕಾದಾಗ ಕೀಲಿ ತಿರುಗಿಸಿ ಗುಂಡು ಬಿಚ್ಚಿಡಬಹುದಾದ ಇನ್ನೊಂದು ಬಗೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೊಯ್ರವ್ವನಿಗೆ ಅದರ ಮೇಲೆ ಮನಸ್ಸಾಯಿತು. ಅಕ್ಕ ಅದನ್ನು ಹಿಡಿದು ನಾಲ್ಕು ಸಲ ಬಿಚ್ಚಿದಳು, ಹಾಕಿದಳು. "ಚಂದ ಐತಿ. ಆದ್ರ ಹಾಕಿ ತಗದು ಮಾಡೂ ಸಾಮಾನು ಸವೀತೈತಿ," ಅಂದು ಕೆಳಗಿಟ್ಟಳು. ಅದನ್ನು ಕೂರಿಸಲಿಕ್ಕೂ ಮುಂದಿನ ವಾರ ಬರುವ ಆ ಪಟ್ಟಿಯೇ ಬೇಕಿತ್ತು, ಹಾಗಾಗಿ ಮಾತು ಬೆಳೆಯಲಿಲ್ಲ. ಊರ ಹೊರಗಿನ ಗುಜರಿ ಅಂಗಡಿಯಲ್ಲಿ ವಿಚಾರಿಸಿ ಎಂದು ಅಂಗಡಿಯವನೇ ದಾರಿ ಹೇಳಿದ.

ಗುಜರಿ ಅಂಗಡಿ, ಗುರುವಾರ ಸಂಜೆ

ಗುಜರಿ ಅಂಗಡಿಯ ಯಜಮಾನ ಆರಡಿ ಮೀರಿದ ಆಳು, ಕಾಲಲ್ಲಿ ಚಪ್ಪಲಿ ಇಲ್ಲ. ಆ ದೇಶದಲ್ಲಿ ಉಳ್ಳವರೂ ಬರಿಗಾಲಲ್ಲಿ ಅಂಗಡಿಗೆ ಬರುತ್ತಾರೆ, ಬ್ಯಾಂಕಿಗೂ ಹೋಗುತ್ತಾರೆ. ಅಕ್ಕನಿಗೆ ಅವನ ಮೇಲೆ ಕೂಡಲೇ ವಿಶ್ವಾಸ ಬಂತು. ಅವನ ಬಯಲಿನಲ್ಲಿ ಮೊಯ್ರವ್ವನದೇ ಜಾತಿಯ ಕಾರೊಂದು ಮುಂದಿನ ಮುಖ ಜಜ್ಜಿಕೊಂಡು ಕೂತಿತ್ತು. ಬೆನ್ನಿಗೆ ಹುಕ್ಕಿತ್ತು. ಅದನ್ನು ಬಿಚ್ಚಿ, ತುಕ್ಕು ಒರೆಸಿ, ನಮ್ಮ ಕಾರಿಗೆ ಬಿಗಿದು, ದೀಪದ ತಂತಿ ಜೋಡಿಸಲು ಅವನಿಗೆ ಒಂದು ತಾಸು ಹಿಡಿಯಿತು. ನಾವು ಗೆದ್ದೆವೆಂದು ಮನೆಗೆ ಬಂದೆವು.

ಹಿತ್ತಲಲ್ಲಿ ಟ್ರೇಲರಿನ ಬಟ್ಟಲನ್ನು ಗುಂಡಿನ ಮೇಲೆ ಇಳಿಸಿ ಮೊಯ್ರವ್ವ ಚಿಲಕ ಹಾಕಿದರು. ಅಕ್ಕ ಮೂತಿ ಹಿಡಿದು ಅಲ್ಲಾಡಿಸಿದಳು. ಮತ್ತೊಮ್ಮೆ ಅಲ್ಲಾಡಿಸಿದಳು.

"ಸಡ್ಲ ಐತಿ," ಅಂದಳು.

ಮೊಯ್ರವ್ವ ಕನ್ನಡಕ ಹಾಕಿಕೊಂಡು ನೋಡಿದರು. ಅಲ್ಲಿ ಗುಂಡುಗಳು ಎರಡು ಅಳತೆಯವು. ಹಳೆಯದು ಇಂಚಿನ ಲೆಕ್ಕದ್ದು, ಹೊಸದು ಮಿಲಿಮೀಟರಿನದು. ನಮಗೆ ಸಿಕ್ಕದ್ದು ಹಳೆಯದು, ಟ್ರೇಲರಿನ ಬಟ್ಟಲು ಹೊಸದು. ನಡುವಿನ ಫರಕು ಎರಡೂವರೆ ಮಿಲಿಮೀಟರು ಕೂಡ ಇಲ್ಲ. ಎಷ್ಟೋ ಜನ ಹೀಗೇ ಎಳೆಯುತ್ತಾರೆ, ನಿಧಾನ ಹೋದರೆ ಏನೂ ಆಗುವುದಿಲ್ಲ ಅಂದರು ಮೊಯ್ರವ್ವ. ಗಂಟೆ ಐದೂವರೆ, ಆರಕ್ಕೆ ಗುಜರಿ ಅಂಗಡಿ ಮುಚ್ಚುತ್ತದೆ. ನಾನೂ ಮೊಯ್ರವ್ವನ ಪಕ್ಷ ಸೇರಿದೆ.

"ಸಾಕ ಬಿಡಕ್ಕಾ. ನಮ್ಮೂರ ಟ್ರ್ಯಾಕ್ಟರ್ ಇದಕ್ಕಿಂತ ಹತ್ತು ಪಟ್ಟು ಅಲ್ಲಾಡತಾವ."

"ಅವು ಕಬ್ಬು ಎಳೀತಾವ. ಇದು ನನ್ನ ಮಗ್ಗ ಎಳೀತೈತಿ," ಅಂದಳು ಅಕ್ಕ. "ಅಷ್ಟು ಜಾಗದಾಗ ನಾ ಎಷ್ಟು ಎಳಿ ಕೂಡಸ್ತೇನಿ ಗೊತ್ತೈತೇನು ನಿನಗ? ಗುಡ್ಡದ ದಾರ್‍ಯಾಗ ಇದು ಹಾರಿ ಬಿತ್ತಂದ್ರ ನಾ ಮಹಾಂತೇಶಗ ಏನ್ ಹೇಳ್ಲಿ?"

ಹೇಳಿದವಳೇ ಟ್ರೇಲರಿನ ಮೂತಿಯ ಮೇಲೆ ಕೂತುಬಿಟ್ಟಳು. ಏಳು ಅಂದರೆ ಏಳಲಿಲ್ಲ. ಅವಳನ್ನು ಬಲ್ಲ ನಾನು ಮೊಯ್ರವ್ವನಿಗೆ ಕಾರು ತೆಗೆಯಿರಿ ಎಂದು ಕೈ ಮುಗಿದೆ.

ನಾವು ಮುಟ್ಟಿದಾಗ ಆ ಬರಿಗಾಲಿನ ಯಜಮಾನ ಗೇಟಿಗೆ ಸರಪಳಿ ಸುತ್ತುತ್ತಿದ್ದ. ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಲು ವಾಕ್ಯ ಜೋಡಿಸುತ್ತಿದ್ದೆ, ಅಷ್ಟರಲ್ಲಿ ಅಕ್ಕ ಅವನ ಕೈಯಿಂದ ಸರಪಳಿ ತೆಗೆದುಕೊಂಡು ಒಳಗೆ ನಡೆದಾಗಿತ್ತು. ಅವನು ನಕ್ಕು, ಹಳೆಯ ಗುಂಡುಗಳಿದ್ದ ಒಂದು ಡಬ್ಬ ತಂದು ಸುರಿದ. ಅಳೆಯುವ ಸಲಕರಣೆ ಹುಡುಕಲು ಒಳಗೆ ಹೋದ. ಅವನು ಬರುವುದರೊಳಗೆ ಅಕ್ಕ ಒಂದೊಂದನ್ನೇ ಅಂಗೈಯಲ್ಲಿ ಹೊರಳಿಸಿ, ಒಂದನ್ನು ಆರಿಸಿ ಪಕ್ಕಕ್ಕಿಟ್ಟಿದ್ದಳು. ಅವನು ಅಳೆದು ನೋಡಿದ. ಸರಿಯಾಗಿ ಐವತ್ತು ಮಿಲಿಮೀಟರು, ನಮ್ಮ ಬಟ್ಟಲಿನದೇ ಅಳತೆ. ಅವನು ಅದನ್ನು ಬಿಗಿದು, ಅಕ್ಕನ ಬೆರಳುಗಳನ್ನು ಒಮ್ಮೆ ನೋಡಿ, ಗೇಟು ಮುಚ್ಚಿದ.

ಗುಡ್ಡದ ದಾರಿ, ಶುಕ್ರವಾರ

ಬೆಳಗ್ಗೆ ಪೆಟ್ಟಿಗೆ ಏರಿಸಿದೆವು. ಮೂರೂ ಟ್ರೇಲರಿನಲ್ಲಿ ಕೂತಾಗ ಕಾರಿನ ಬೆನ್ನು ಕೆಳಗೆ ಇಳಿಯಿತು, ಮೂಗು ಮೇಲೆದ್ದಿತು. ಅಕ್ಕ ಅದನ್ನು ಬಗ್ಗಿ ನೋಡಿದಳು. ಮರೋಳದಲ್ಲಿ ಹತ್ತು ವರ್ಷ ಚಕ್ಕಡಿ ಹೇರಿದವಳು ಅವಳು. ಮುಂದೆ ಹೆಚ್ಚು ಹೇರಿದರೆ ನೊಗ ಒತ್ತಿ ಎತ್ತಿನ ಹೆಗಲು ಹುಣ್ಣಾಗುತ್ತದೆ ಎಂಬುದು ಅವಳ ಮೈಗೆ ಹತ್ತಿದ ಮಾತು.

"ಪಾಪ, ಸಣ್ಣ ಕಾರು. ಹೆಗಲ ಮ್ಯಾಲೆ ಎಷ್ಟ್ ಭಾರ ಹಾಕೀರಿ," ಅಂದು, ಬಟ್ಟೆ ಸುತ್ತುವ ದಿಂಡು, ಗೂಟ ಇದ್ದ ಭಾರದ ಪೆಟ್ಟಿಗೆಯನ್ನು ಹಿಂದಿನ ತುದಿಗೆ ಸರಿಸಿ ಕಟ್ಟಿಸಿದಳು. ಕಾರು ಹಗುರಾಗಿ ನೆಟ್ಟಗೆ ನಿಂತಿತು. ನಮಗೆ ಮೂವರಿಗೂ ಸಮಾಧಾನವಾಯಿತು.

ದಾರಿ ಚಂದವಿತ್ತು. ಬದಾಮಿಯ ಗುಡ್ಡಗಳನ್ನು ಹಸಿರು ಬಣ್ಣದಲ್ಲಿ ಅದ್ದಿ ತೆಗೆದರೆ ಹೇಗಿದ್ದೀತೋ ಹಾಗೆ. ಎಲ್ಲಿ ನೋಡಿದರೂ ಕುರಿ, ಕಾಯುವವರು ಮಾತ್ರ ಒಬ್ಬರೂ ಇಲ್ಲ. ನಮ್ಮ ಹಿಂದೆ ಹಬ್ಬಕ್ಕೆ ಹೊರಟ ಕಾರುಗಳ ಸಾಲು ಬೆಳೆಯಿತು, ಒಬ್ಬರಾದರೂ ಹಾರ್ನ್ ಹೊಡೆಯಲಿಲ್ಲ. ಹುನಗುಂದ ಕ್ರಾಸಿನಲ್ಲಿ ಹೀಗೆ ನಿಧಾನ ಹೋಗಿದ್ದರೆ ಇಷ್ಟರಲ್ಲಿ ಬೈಗುಳದಲ್ಲೇ ನಮ್ಮ ಮೂರು ತಲೆಮಾರಿನ ಉದ್ಧಾರವಾಗಿರುತ್ತಿತ್ತು.

ಗುಡ್ಡದ ನೆತ್ತಿ ದಾಟಿ ಇಳಿಜಾರು ಶುರುವಾದಾಗ ಟ್ರೇಲರ್ ಅತ್ತಿತ್ತ ತೊನೆಯತೊಡಗಿತು. ಮೊದಲು ಸಣ್ಣಗೆ, ಆಮೇಲೆ ಕಾರಿನ ಬೆನ್ನನ್ನೇ ಹಿಡಿದು ಜಗ್ಗುವ ಹಾಗೆ. ಒಮ್ಮೆ ಎಡಗಡೆಯ ಕಂದರ ಕಂಡಿತು, ಒಮ್ಮೆ ಬಲಗಡೆಯ ಬಂಡೆ. ನಾನು ತುಳಸಿಗೇರಿ ಹಣಮಪ್ಪನನ್ನು ಕರೆದೆ. ಅಕ್ಕ ಯಾರನ್ನೂ ಕರೆಯಲಿಲ್ಲ, ಹಿಂದೆ ತಿರುಗಿ ಪೆಟ್ಟಿಗೆಗಳನ್ನೇ ನೋಡುತ್ತಿದ್ದಳು. ಮೊಯ್ರವ್ವ ಬ್ರೇಕು ಒತ್ತಲಿಲ್ಲ, ಸ್ಟೇರಿಂಗ್ ತಿರುಗಿಸಲೂ ಇಲ್ಲ. ಎರಡೂ ಕೈಯಲ್ಲಿ ಅದನ್ನು ನೇರ ಹಿಡಿದು, ಎಕ್ಸಲರೇಟರಿನಿಂದ ಕಾಲು ತೆಗೆದು, ಗಾಡಿ ತಾನಾಗಿ ನಿಧಾನವಾಗುವವರೆಗೆ ಕಾದರು. ಬದಿಗೆ ನಿಲ್ಲಿಸಿ, ಇಳಿದು ನೋಡಿದೆವು. ಗುಂಡು ಬಟ್ಟಲಿನಿಂದ ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಪಕ್ಕದ ಹೊಲದಿಂದ ನಾಯಿ ಕರೆದುಕೊಂಡು ಒಬ್ಬ ಮುದುಕ ಬಂದ. ಚಿಲಕ ಬಿಚ್ಚಿ, ಟ್ರೇಲರಿನ ಮೂತಿಯನ್ನು ಎರಡೇ ಬೆರಳಲ್ಲಿ ಮೇಲೆತ್ತಿ ಅಕ್ಕನಿಗೆ ತೋರಿಸಿದ. ಅಷ್ಟು ಹಗುರಾಗಿತ್ತು. ಆಮೇಲೆ ಗದ್ದದಿಂದ ಹಿಂದಿನ ಪೆಟ್ಟಿಗೆ ತೋರಿಸಿದ.

ಅಕ್ಕ ನನ್ನ ದುಭಾಷಿತನಕ್ಕೆ ಕಾಯಲಿಲ್ಲ. "ನಂದಽ ತಪ್ಪು," ಅಂದಳು. "ಚಕ್ಕಡಿಗಾದ್ರ ಮುಂದ ಮೂಕಿ ಮ್ಯಾಲೆ ಹೊಡಿಯಾಂವ ಕುಂತಿರ್ತಾನ. ಹಿಂದ ಭಾರಾದ್ರ ಅಂವ ಮುಂದ ಸರದು ತಡೀತಾನ. ಇದಕ್ಕ ಯಾ ಮನಷ್ಯಾ ಅದಾನ? ಇದಕ್ಕ ಹೆಗಲ ಮ್ಯಾಲೆ ಭಾರ ಬೇಕಽ ಬೇಕು."

ಭಾರದ ಪೆಟ್ಟಿಗೆ ಮುಂದಕ್ಕೆ ಬಂತು. ಮುದುಕ ಮೂತಿ ಎತ್ತಿ ನೋಡಿ, ಈ ಸಲ ಎರಡೂ ಕೈ ಹಾಕಬೇಕಾದಾಗ ತಲೆಯಾಡಿಸಿ ಹೊರಟುಹೋದ. ಕಾರಿನ ಬೆನ್ನು ಮತ್ತೆ ಇಳಿಯಿತು. ಅಕ್ಕ ಅದರ ಬೆನ್ನು ಸವರಿ ಒಳಗೆ ಕೂತಳು. ಅಲ್ಲಿಂದ ಮೇಳದ ಊರಿನವರೆಗೆ ಟ್ರೇಲರ್ ಒಂದು ಮಾತೂ ಆಡಲಿಲ್ಲ.

ಮೇಳದ ಊರು, ಶನಿವಾರ

ಮೇಳ ನಡೆದದ್ದು ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ತಗಡಿನ ಶೆಡ್ಡಿನಲ್ಲಿ. ನೆಲ ಕಾಂಕ್ರೀಟು, ಆದ್ದರಿಂದ ನಮ್ಮ ಕುಣಿಯನ್ನು ಹೊರಗೆ, ತಾಡಪತ್ರಿಯ ಕೆಳಗೆ ತೋಡಿದ್ದರು. ನಾವು ಕಳಿಸಿದ ಅಳತೆಗೆ ಸರಿಯಾಗಿ, ಅಂಚು ಕೂಡ ಅಚ್ಚುಕಟ್ಟು. ರಾತ್ರಿ ಅಲ್ಲಿ ಮಳೆ ಹೊಡೆದಿತ್ತು. ಬೆಳಗ್ಗೆ ಎಂಟಕ್ಕೆ ಹೋಗಿ ನೋಡಿದರೆ ಕುಣಿ ತುಂಬ ನೀರು. ಅಕ್ಕ ಬಕೆಟ್ ತೆಗೆದುಕೊಂಡು ಅರ್ಧ ತಾಸು ತೋಡಿದಳು. ಅವಳು ಒಂದು ಬಕೆಟ್ ತೆಗೆದರೆ ತಳದಿಂದ ಒಂದೂವರೆ ಬಕೆಟ್ ಒಸರುತ್ತಿತ್ತು. ನಮ್ಮ ಇಳಕಲ್ಲಿನ ನೆಲದಲ್ಲಿ ನೂರು ವರ್ಷ ಕೂತರೂ ಹೊಳೆಯದ ಸಂಕಟ ಅದು.

ಮೇಳದ ಮುಖ್ಯಸ್ಥರು ತೆಳ್ಳಗಿನ, ಬಹಳ ಮರ್ಯಾದೆಯ ಮನುಷ್ಯ. ಬೇಸರ ಮಾಡಿಕೊಳ್ಳಬೇಡಿ, ಸೀರೆಗಳನ್ನು ತೂಗುಹಾಕಿ, ಹೇಗೆ ಮಾಡುತ್ತೀರೆಂದು ಬಾಯಲ್ಲಿ ವಿವರಿಸಿದರೂ ಸಾಕು ಅಂದರು. ನಾನು ಅದನ್ನು ಕನ್ನಡಕ್ಕೆ ತಂದೆ.

"ಸೀರಿ ತೂಗ ಹಾಕಾಕ ಇಷ್ಟ್ ದೂರ ಬಂದಿಲ್ಲಂತ ಹೇಳು," ಅಂದಳು ಅಕ್ಕ. "ಬಾಯಿಲೆ ನೇದದ್ದು ನೋಡಿ ಯಾರು ಕೆಲಸಾ ಕೊಡ್ತಾರ?"

ಅಷ್ಟು ಹೇಳಿ, ಹೋಗಿ ಟ್ರೇಲರಿನ ಅಂಚಿಗೆ ಕೂತು ತೊಯ್ದ ಸೀರೆಯ ನಿರಿಗೆ ಹಿಂಡತೊಡಗಿದಳು. ಅವಳು ಅಳುತ್ತಾಳೇನೋ ಎಂದು ನಾನು ಹತ್ತಿರ ಹೋದೆ. ಅವಳು ಅಳುತ್ತಿರಲಿಲ್ಲ, ಇಳಿಬಿಟ್ಟ ಕಾಲುಗಳನ್ನೇ ನೋಡುತ್ತಿದ್ದಳು. ಪಾದಗಳು ಗಾಳಿಯಲ್ಲಿ ಒಂದಾದ ಮೇಲೊಂದು ತುಳಿಯುತ್ತಿದ್ದವು.

"ಸುಮಿ," ಅಂದಳು, "ಈ ಹಲಗಿ ತಗದ್ರ ತಳದಾಗ ಏನೈತಿ, ಮೊಯ್ರವ್ವನ್ನ ಕೇಳು."

ತಳದಲ್ಲಿ ಏನೂ ಇಲ್ಲ, ಕಬ್ಬಿಣದ ಚೌಕಟ್ಟು, ಅದರ ಕೆಳಗೆ ನೆಲ ಅಂದರು ಮೊಯ್ರವ್ವ. ಹಲಗೆಗಳನ್ನು ಡಗ್ಲಸ್ ಅವರೇ ಕೂರಿಸಿದ್ದು, ಒಂದೊಂದು ಸ್ಕ್ರೂ ಅವರ ಕೈಯದು. ಅದನ್ನೂ ಹೇಳಿದರು. ಹೇಳುತ್ತಲೇ ಕಾರಿನಿಂದ ಸ್ಕ್ರೂ ಡ್ರೈವರ್ ತಂದು, ಮೊಣಕಾಲೂರಿ, ಬಿಚ್ಚಲು ಶುರು ಮಾಡಿದರು. ನಾನೂ ಪಕ್ಕದಲ್ಲಿ ಕೂತು ಸ್ಕ್ರೂಗಳನ್ನು ಒಂದು ಲೋಟಕ್ಕೆ ಹಾಕಿಕೊಂಡೆ.

ಕಾರು ಸಮೇತ ಟ್ರೇಲರನ್ನು ಶೆಡ್ಡಿನ ದೊಡ್ಡ ಬಾಗಿಲಿನಿಂದ ಒಳಗೆ ತಂದೆವು. ಗಾಲಿಗಳ ಅಚ್ಚಿನ ಮುಂದಿನ ಹಲಗೆ ತೆಗೆದಾಗ ಅಲ್ಲಿ ಚೌಕಾದ ಬಾಯಿ ತೆರೆಯಿತು. ಗೂಟಗಳನ್ನು ಟ್ರೇಲರಿನ ಪಕ್ಕೆಗಳಿಗೆ ಹಗ್ಗದಿಂದ ಬಿಗಿದೆವು, ತುಳಿಯುವ ಹಲಗೆಗಳನ್ನು ಆ ಬಾಯಿಯಿಂದ ಕೆಳಗೆ ಇಳಿಬಿಟ್ಟೆವು, ಅಡ್ಡ ಹಲಗೆಯ ಮೇಲೆ ಅಕ್ಕ ಕೂತಳು. ಕುಣಿ ತೋಡುವ ಬದಲು ನೆಲವನ್ನೇ ಮೇಲೆ ಎತ್ತಿಕೊಂಡಿದ್ದೆವು. ಮೇಳ ಶುರುವಾಗಿ ಒಂದು ತಾಸಾಗಿತ್ತು. ಬೇರೆ ದೇಶದ ನೇಕಾರರು ತಮ್ಮ ಮಗ್ಗ ಬಿಟ್ಟು ಬಂದು ಹಗ್ಗ ಹಿಡಿದಿದ್ದರು.

ನನಗೆ ಒಂದೇ ದಿಗಿಲು. ನೇಯ್ದ ಎಳೆಯನ್ನು ಒತ್ತುವ ಬಡಿ ಹೊಡೆದಾಗ ಎರಡು ಗಾಲಿಯ ಗಾಡಿ ಮುಂದೆ ಹಿಂದೆ ಆಡಿದರೆ ಹಾಸಿನ ಎಳೆಗಳು ತಾಳುವುದಿಲ್ಲ. ಮೊಯ್ರವ್ವ ಕಾರಿನ ಹ್ಯಾಂಡ್‌ಬ್ರೇಕ್ ಎಳೆದರು. ನಾನು ಗಾಲಿಗಳಿಗೆ ನಾಲ್ಕು ಕಲ್ಲು ಕೊಟ್ಟೆ, ಅಷ್ಟು ವಿದ್ಯೆ ನನಗೂ ಇದೆ. ಅಕ್ಕ ಲಾಳಿ ಹಾರಿಸಿ ಬಡಿ ಎಳೆದಳು. ಟ್ರೇಲರ್ ಕಾರನ್ನು ಹಿಡಿದು ನಿಂತೇ ಇತ್ತು. ಆ ಎರಡೂವರೆ ಮಿಲಿಮೀಟರು ಸಡಿಲವಿದ್ದಿದ್ದರೆ ಒಂದೊಂದು ಹೊಡೆತಕ್ಕೂ ಖಟ್ ಖಟ್ ಎಂದು ಜಗ್ಗಿ ಮಧ್ಯಾಹ್ನದೊಳಗೆ ಅರ್ಧ ಎಳೆ ಹರಿದಿರುತ್ತಿದ್ದವು. ಸಾಕು ಬಿಡು ಅಂದವಳು ನಾನೇ ಎಂಬುದನ್ನು ಅಕ್ಕ ಎತ್ತಿ ಆಡಲಿಲ್ಲ.

ಅದೇ ಶೆಡ್ಡು, ಸೋಮವಾರ

ಭಾನುವಾರ ಇಡೀ ದಿನ ಅಕ್ಕ ಸೆರಗು ಕೂಡಿಸಿದಳು. ಬಿಳಿ ಒಡಲಿನ ಒಂದು ಎಳೆ, ಕೆಂಪು ರೇಷ್ಮೆಯ ಒಂದು ಎಳೆ, ನಡುವೆ ಒಂದು ಕೊಂಡಿ. ಜನ ಮಕ್ಕಳನ್ನು ಸುಮ್ಮನಿರಿಸಿ ನೋಡಿದರು. ಒಬ್ಬ ಹೆಂಗಸು ಬೆಳಗ್ಗೆ ಒಂದು ಬುಟ್ಟಿ ಬೋರಲು ಹಾಕಿ ಕೂತವಳು ಸಂಜೆಗೇ ಎದ್ದದ್ದು. ಆಕೆಗೆ ಆ ದೇಶದ ಮೂರು ಊರಿನಲ್ಲಿ ನೇಯ್ಗೆಯ ಅಂಗಡಿಗಳಿವೆ ಎಂದು ಮೊಯ್ರವ್ವ ಕಿವಿಯಲ್ಲಿ ಹೇಳಿದರು.

ಸೋಮವಾರ ಆಕೆ ಮಾತಿಗೆ ಬಂದಳು. ಹೀಗೇ ಕೂಡಿಸಿದ ಶಾಲುಗಳು ಬೇಕು, ತಿಂಗಳಿಗೆ ಇಷ್ಟು, ವರ್ಷಪೂರ್ತಿ, ಸಾಧ್ಯವೇ ಎಂದಳು. ಆಕೆ ಹೇಳಿದ ಸಂಖ್ಯೆ ಅಕ್ಕನ ಒಂದು ಮಗ್ಗಕ್ಕೆ ಮೀರಿದ್ದು.

ನಾನು ಕನ್ನಡದಲ್ಲಿ ಗಡಿಬಿಡಿಯಿಂದ ಅಂದೆ. "ಹೂಂ ಅಂದುಬಿಡಕ್ಕಾ. ಆಮ್ಯಾಲೆ ನೋಡೂಣು. ಇಲ್ಲಂದ್ರ ಕೈ ಬಿಟ್ಟು ಹೋಗತೈತಿ."

"ಸುಳ್ಳ ಹೇಳಬ್ಯಾಡ," ಅಂದಳು ಅಕ್ಕ. "ಒಂದು ಮಗ್ಗದಾಗ ಆಗೂದಿಲ್ಲ, ಎರಡು ಮಗ್ಗ ಬೇಕು, ಎರಡನೇದು ಹೂಡಾಕ ಮೂರು ತಿಂಗಳು ಬೇಕಂತ ಹೇಳು."

ಹೇಳಿದೆ. ಆ ಹೆಂಗಸು ಮೂರು ತಿಂಗಳು ಬಿಟ್ಟು ಶುರು ಮಾಡಿ, ಎರಡು ವರ್ಷದ ಮಾತು ಮಾಡೋಣ ಅಂದಳು. ಕಾಗದದ ಮೇಲೆ ಬರೆದಳು. ಅಕ್ಕ ಪೆನ್ನು ಹಿಡಿದು, ನಾಲಿಗೆ ಕಚ್ಚಿಕೊಂಡು, ತನ್ನ ಹೆಸರನ್ನು ನೀ-ಲ-ವ್ವ ಎಂದು ಒಂದೊಂದೇ ಅಕ್ಷರ ಬರೆದಳು. ನಾನು ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ. ಮೊಯ್ರವ್ವ ನನಗೆ ಕರವಸ್ತ್ರ ಕೊಟ್ಟರು, ಆಮೇಲೆ ಅದನ್ನೇ ಇಸಿದುಕೊಂಡು ತಮ್ಮ ಕಣ್ಣೂ ಒರೆಸಿಕೊಂಡರು.

ಸಂಜೆ ಮೇಳದವರ ಫೋನಿನಿಂದ ಊರಿಗೆ ಹಚ್ಚಿದೆವು. ಇಳಕಲ್ಲಿನಲ್ಲಿ ಆಗ ಬೆಳಗಿನ ಹನ್ನೊಂದಾಗಿರಬೇಕು. ನಮ್ಮ ಮನೆಯಲ್ಲಿ ಫೋನಿಲ್ಲ, ಮಹಾಂತೇಶ ಕೆಲಸ ಮಾಡುವ ಶೆಡ್ಡಿನಲ್ಲಿದೆ. ಅವನು ಬಂದು ಹಲೋ ಅಂದಾಗ ಅವನ ಬೆನ್ನ ಹಿಂದೆ ಪಾವರ್‌ಲೂಮುಗಳು ಒದರುತ್ತಿದ್ದವು. ನಾನು ರಿಸೀವರನ್ನು ಇಬ್ಬರ ಕಿವಿಯ ನಡುವೆ ಹಿಡಿದೆ.

"ಮಹಾಂತೇಶಾ, ಕುಣಿ ಮುಚ್ಚಬ್ಯಾಡ," ಅಂದಳು ಅಕ್ಕ ಜೋರಾಗಿ. "ಎರಡು ವರ್ಷದ ಕೆಲಸಾ ತಂದೇನಿ. ಇನ್ನೊಂದು ಕುಣಿ ತೋಡು."

"ಇನ್ನೊಂದು ಯಾರಿಗಕ್ಕಾ?"

"ನಿನಗಽ, ತಮ್ಮಾ."

ಅವನು ರಿಸೀವರಿಗೆ ಕೈ ಅಡ್ಡ ಹಿಡಿದನೇನೋ, ಯಂತ್ರಗಳ ಸದ್ದು ತಗ್ಗಿತು.

"ಎಂಟು ವರ್ಷ ಆತಲ್ಲಕ್ಕಾ, ಕೈ ಮರತೈತಿ," ಅಂದ ಮಹಾಂತೇಶ. ದನಿ ಬೇರೆಯೇ ಆಗಿತ್ತು. "ಕಿಟಕಿ ಕಡೆ ನಿನ್ನ ಮಗ್ಗ ಐತಿ. ಹೊಸಾದು ಒಳಗೋಡಿ ಕಡೆ ತೋಡಬೇಕು, ಅಲ್ಲಿ ಕತ್ತಲಿ. ಆ ಕತ್ತಲ್ಯಾಗ ನನಗ ಎಳಿ ಕಾಣೂದಿಲ್ಲ."

"ಕಿಟಕಿ ಕಡೀದು ನೀ ತಗೋ," ಅಂದಳು ಅಕ್ಕ. "ಕತ್ತಲಿ ಕಡೀದು ನನಗ ತೋಡು. ನನ್ನ ಕೈಗೆ ಬೆಳಕ ಬೇಕಾಗಿಲ್ಲ."